ಬೆಂಗಳೂರಿನ ಮನೆ ಕಂದಾಯ: ಮೌಲ್ಯ ಹೇಳುವವರು ಯಾರು?

2000ನೇ ಇಸವಿಯವರೆಗೆ ಬೆಂಗಳೂರಿನ ಮನೆಗಳ ಕಂದಾಯವನ್ನು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ನಿಗದಿ ಮಾಡಲಾಗುತ್ತಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಎಂಬ ಅಂದಾಜೇ ಈ ಮೌಲ್ಯ. ಮಾಲೀಕರೇ ವಾಸವಿರುವ ಮನೆಗೂ ಇದೇ ಲೆಕ್ಕ. ಅಂದಾಜು ಕಟ್ಟುವವರು ಪಾಲಿಕೆಯ ಕಂದಾಯ ಸಿಬ್ಬಂದಿ. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆಗಳಿಗೆ ಬೇರೆ ಬೇರೆ ಕಂದಾಯ ಬೀಳುವುದಕ್ಕೂ, ಕೈ ಬಿಸಿ ಮಾಡಿದರೆ ಮೊತ್ತ ಇಳಿಯುವುದಕ್ಕೂ ಈ ಪದ್ಧತಿಯಲ್ಲಿ ಧಾರಾಳ ಅವಕಾಶವಿತ್ತು. ಮೊತ್ತ ಹೆಚ್ಚಾಯಿತೆನಿಸಿದ ಮಾಲೀಕರು ನೋಟಿಸಿಗೆ ತಕರಾರು ಸಲ್ಲಿಸಬೇಕು, ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ಹೂಡಬೇಕು.

ಬಾಡಿಗೆ ನಿಯಂತ್ರಣ ಕಾಯ್ದೆಯಿಂದಾಗಿ ಈ ಪದ್ಧತಿ ಇನ್ನಷ್ಟು ಸೊರಗಿತು. ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ, ಅಂಥ ಕಾಯ್ದೆಗೆ ಒಳಪಟ್ಟ ಮನೆಗಳ ಬಾಡಿಗೆ ಮೌಲ್ಯವು ಕಾಯ್ದೆಯ ಪ್ರಕಾರದ ಪ್ರಮಾಣಿತ ಬಾಡಿಗೆಯನ್ನು ಮೀರುವಂತಿಲ್ಲ ಎಂದಿತು. ಪೇಟೆಯ ಬಾಡಿಗೆ ಎಷ್ಟೇ ಏರಿದರೂ ಲೆಕ್ಕದ ಮೌಲ್ಯ ಇದ್ದಲ್ಲೇ ಉಳಿಯಬೇಕಾಯಿತು.

ಬೆಂಗಳೂರಿನಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂದದ್ದು 2000ದ ಏಪ್ರಿಲ್‌ನಲ್ಲಿ. ಮೊದಲಿಗೆ ಅದು ಐಚ್ಛಿಕ. ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರಗಳನ್ನು ಆಧರಿಸಿ ನಗರವನ್ನು ಆರು ವಲಯಗಳಾಗಿ ವಿಂಗಡಿಸಲಾಯಿತು. ಮಾಲೀಕರು ತಾವೇ ಅಳತೆ ಹಾಕಿ, ಲೆಕ್ಕ ಮಾಡಿ, ನಮೂನೆ ತುಂಬಿ ಹಣ ಕಟ್ಟಬಹುದಾಯಿತು.

2008ರಲ್ಲಿ ಬಾಡಿಗೆ ಮೌಲ್ಯದ ಜಾಗಕ್ಕೆ ಘಟಕ ವಿಸ್ತೀರ್ಣ ಮೌಲ್ಯ ಬಂತು. ಆರ್‌ಸಿಸಿ ಮನೆಯಲ್ಲಿ ಮಾಲೀಕರೇ ವಾಸವಿದ್ದರೆ ತಿಂಗಳಿಗೆ ಚದರಡಿಗೆ ‘ಎ’ ವಲಯದಲ್ಲಿ 2.50 ರೂಪಾಯಿ, ‘ಎಫ್’ ವಲಯದಲ್ಲಿ 1 ರೂಪಾಯಿ. ಬಾಡಿಗೆಗೆ ಕೊಟ್ಟಿದ್ದರೆ ಇದರ ಎರಡರಷ್ಟು. ವರ್ಷಕ್ಕೆ 12ರ ಬದಲು 10 ತಿಂಗಳು ಮಾತ್ರ ಲೆಕ್ಕಕ್ಕೆ. ‘ಡಿ’ ವಲಯದಲ್ಲಿ ಸ್ವಂತ ವಾಸದ 1000 ಚದರಡಿ ಮನೆಯಿದ್ದರೆ, ಅಂದಿನ 1.60 ರೂಪಾಯಿ ದರದಲ್ಲಿ ವಾರ್ಷಿಕ ಮೌಲ್ಯ 16,000 ರೂಪಾಯಿ. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಬದಿಗಿಟ್ಟರೆ, ಶೇ 20ರಂತೆ ತೆರಿಗೆ 3,200; ಅದರ ಮೇಲೆ ಶೇ 24ರ ಉಪಕರ 768; ಒಟ್ಟು 3,968 ರೂಪಾಯಿ. ಅಧಿಕಾರಿಯ ಮರ್ಜಿಗೆ ಇಲ್ಲಿ ಎಡೆಯಿಲ್ಲ. ಈ ಪದ್ಧತಿಯ ದೊಡ್ಡ ಗುಣ ಇದೇ.

ತಕರಾರುಗಳು ಮಾತ್ರ ನಿಲ್ಲಲಿಲ್ಲ, ದಿಕ್ಕು ಬದಲಿಸಿದವು. ಹಿಂದೆ ಅಧಿಕಾರಿ ಹೇಳಿದ ಮೊತ್ತವನ್ನು ಮಾಲೀಕರು ಪ್ರಶ್ನಿಸುತ್ತಿದ್ದರು. ಈಗ ಮಾಲೀಕರು ಘೋಷಿಸಿದ್ದನ್ನು ಪಾಲಿಕೆ ಪ್ರಶ್ನಿಸತೊಡಗಿತು. ವಿಸ್ತೀರ್ಣ ಕಡಿಮೆ ತೋರಿಸಿದ್ದು, ಬಾಡಿಗೆ ಮನೆಯನ್ನು ಸ್ವಂತ ವಾಸವೆಂದು ಬರೆದದ್ದು ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಬಾಕಿಯ ಜತೆಗೆ ದಂಡ, ಬಡ್ಡಿ. 2016ರಲ್ಲಿ ದರಗಳನ್ನು ವಾಸದ ಕಟ್ಟಡಗಳಿಗೆ ಶೇ 20, ವಾಸೇತರ ಕಟ್ಟಡಗಳಿಗೆ ಶೇ 25ರಷ್ಟು ಏರಿಸಿ, ವಲಯಗಳನ್ನೂ ಪರಿಷ್ಕರಿಸಲಾಯಿತು. ಆಮೇಲೂ ಹಳೆಯ ವಲಯದ ದರದಲ್ಲೇ ಕಟ್ಟುತ್ತ ಬಂದ ಸಾವಿರಾರು ಮಂದಿಗೆ ಹಲವು ವರ್ಷಗಳ ಬಳಿಕ ನೋಟಿಸು ಬಂತು. ಪಾಲಿಕೆಯ ಆನ್‌ಲೈನ್ ವ್ಯವಸ್ಥೆಯೇ ಹಳೆಯ ವಲಯವನ್ನು ಒಪ್ಪಿಕೊಂಡು ರಸೀದಿ ಕೊಟ್ಟಿರುವಾಗ ದಂಡ ಏಕೆ ಎಂಬುದು ಅವರ ವಾದ. ಅದು ನ್ಯಾಯವಾದ ವಾದವೇ.

2024ರ ಫೆಬ್ರುವರಿಯಲ್ಲಿ ತೆರಿಗೆಯನ್ನು ನೇರವಾಗಿ ಮಾರ್ಗಸೂಚಿ ದರಕ್ಕೆ ಜೋಡಿಸುವ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯಲಾಯಿತು. ಆ ವರ್ಷದ ಏಪ್ರಿಲ್ 1ರಿಂದ ಬರಬೇಕಿದ್ದ ಪದ್ಧತಿ ಅಂದು ಜಾರಿಯಾಗಲಿಲ್ಲ. ನಗರದ ಮನೆಗಳಿಗೆ ಘಟಕ ವಿಸ್ತೀರ್ಣದ ಲೆಕ್ಕವೇ ಮುಂದುವರಿಯಿತು.