ಮಾನನಷ್ಟದ ಕಾನೂನಿನಲ್ಲಿ ಸತ್ಯಕ್ಕೆಷ್ಟು ಬಲ?

ಮೆಕಾಲೆಯ ಆಯೋಗ 1837ರಲ್ಲಿ ನಮ್ಮ ದಂಡ ಸಂಹಿತೆಯ ಕರಡು ಸಿದ್ಧಪಡಿಸಿದಾಗ, ನಿಜವಾದ ಮಾತು ಮಾನಹಾನಿಯೇ ಅಲ್ಲ ಎಂಬ ನಿಲುವು ಅದರಲ್ಲಿತ್ತು. ಆಗಿನ ಇಂಗ್ಲೆಂಡಿನ ಕ್ರಿಮಿನಲ್ ಕಾನೂನಿನಲ್ಲಾದರೋ ನಿಜ ಹೇಳಿದೆನೆಂಬುದು ಸಮರ್ಥನೆಯಾಗುತ್ತಿರಲಿಲ್ಲ. ಮಾತು ನಿಜವಾದಷ್ಟೂ ಜನ ಕೆರಳಿ ಶಾಂತಿ ಕದಡುತ್ತದೆ ಎಂಬುದು ಅಲ್ಲಿನ ತರ್ಕ. 1843ರ ಕಾಯ್ದೆ ಇದನ್ನು ಸಡಿಲಿಸಿ, ನಿಜದ ಜೊತೆಗೆ ಸಾರ್ವಜನಿಕ ಹಿತವನ್ನೂ ತೋರಿಸಿದರೆ ಬಿಡುಗಡೆ ಎಂದಿತು. 1860ರಲ್ಲಿ ನಮ್ಮ ಸಂಹಿತೆ ಅಂಗೀಕಾರವಾಗುವ ಹೊತ್ತಿಗೆ ಮೆಕಾಲೆಯ ನಿಲುವು ಉಳಿಯಲಿಲ್ಲ. 499ನೇ ಕಲಮಿನ ಮೊದಲ ವಿನಾಯಿತಿಯಲ್ಲಿ ಈ ಜೋಡಿ ಷರತ್ತೇ ಬಂತು. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಾದರೆ ನಿಜವೆಂದು ರುಜುವಾದರೆ ಸಾಕು. ಹೀಗಾಗಿ ಒಂದೇ ವರದಿ ಹಣದ ದಾವೆಯಲ್ಲಿ ಗೆದ್ದು ಜೈಲಿನ ಮೊಕದ್ದಮೆಯಲ್ಲಿ ಸೋಲಬಹುದು. ಶಿಕ್ಷೆ ಕಠಿಣವಾಗಿರುವ ಕಡೆಯೇ ರಕ್ಷಣೆ ತೆಳುವಾಗಿರುವುದು ನ್ಯಾಯವಲ್ಲ.

ತಮಿಳಿನ 'ನಕ್ಕೀರನ್' ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಅಧಿಕಾರಿಗಳ ಕರ್ತವ್ಯದ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ಬರೆದವರು ತಕ್ಕಮಟ್ಟಿಗೆ ಪರಿಶೀಲಿಸಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದಿತು. ಆದರೆ ಇದು ಸಿವಿಲ್ ದಾವೆಗಷ್ಟೇ ಸಿಕ್ಕ ರಕ್ಷಣೆ. 2016ರ ಮೇ ತಿಂಗಳಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕ್ರಿಮಿನಲ್ ಮಾನನಷ್ಟವನ್ನು ಎತ್ತಿಹಿಡಿಯಿತು. ಸದ್ಭಾವನೆಯಿಂದ ಬರೆದವರಿಗೆ ಒಂಬತ್ತನೇ ವಿನಾಯಿತಿ ಇದೆಯಲ್ಲ ಎನ್ನಬಹುದು. ಅದನ್ನೂ ಆರೋಪಿಯೇ, ವಿಚಾರಣೆಯುದ್ದಕ್ಕೂ ಅಲೆದು ಸ್ಥಾಪಿಸಬೇಕು. ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ಲೇಖನಕ್ಕೆ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತು. ಆರೋಪಕ್ಕೆ ಪುರಾವೆ ಇಲ್ಲವೆಂಬುದು ಅದರ ತೀರ್ಮಾನ. ಆ ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಎಂಟು ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತು ರುಜುವಾತು ಕೊಡುವುದು ಎಲ್ಲ ಬಗೆಯ ಸತ್ಯಕ್ಕೂ ಸಾಧ್ಯವಿಲ್ಲ. ಹೈದರಾಬಾದಿನ ಮಿಯಾಪುರದಲ್ಲಿ ನೂರಾರು ಎಕರೆ ಸರ್ಕಾರಿ ಜಮೀನು ಖಾಸಗಿಯವರ ಹೆಸರಿಗೆ ನೋಂದಣಿಯಾದ ಹಗರಣ 2017ರಲ್ಲಿ ಬಯಲಾದಾಗ, ಬರೆಯುವವರಿಗೆ ಕೂಕಟ್‌ಪಲ್ಲಿಯ ಉಪನೋಂದಣಿ ಕಚೇರಿಯ ದಾಖಲೆಗಳ ಆಸರೆಯಿತ್ತು. ದೃಢೀಕೃತ ನಕಲು ತಂದಿಟ್ಟರೆ ಅದು ಯಾವ ಕೋರ್ಟಿನಲ್ಲೂ ಮಾತಾಡುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಕೈಬದಲಾದ ಹಣಕ್ಕೆ ಅಂಥ ನಕಲಿಲ್ಲ. ಅದನ್ನು ಕಂಡವರು ಹೆಸರು ಹೇಳಬೇಡಿ ಎಂದೇ ಬಾಯಿಬಿಡುತ್ತಾರೆ. ಸಾಕ್ಷಿಗೆ ಕರೆದರೆ ಸುದ್ದಿ ಕೊಟ್ಟವರು ಅಪಾಯಕ್ಕೆ ಸಿಕ್ಕುತ್ತಾರೆ, ಕರೆಯದಿದ್ದರೆ ಬರೆದವರು.

ನಿಜವೆಂಬ ಒಂದೇ ಕಾರಣಕ್ಕೆ ಯಾರದೋ ಕಾಯಿಲೆಯನ್ನೋ ಹಳೆಯ ಸಂಬಂಧವನ್ನೋ ಬೀದಿಗೆಳೆಯಬಹುದೇ, ಹಿತದ ಷರತ್ತು ಇರುವುದೇ ಇದನ್ನು ತಡೆಯಲು ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಅದು ಖಾಸಗಿತನದ ಪ್ರಶ್ನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸ್ಥಾಪಿತವಾಗಿದೆ. ಆ ಹಕ್ಕನ್ನು ಅದರ ಹೆಸರಿನಲ್ಲೇ ಕಾಯಬಹುದು. ಅದಕ್ಕಾಗಿ ಶಾಸಕನ ಲಂಚದ ಬಗ್ಗೆ ನಿಜ ಬರೆದವರಿಂದ 'ಇದರಿಂದ ಜನಕ್ಕೇನು ಹಿತ' ಎಂದು ಉತ್ತರ ಕೇಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಸೇರಿಸಿತೇ ಹೊರತು ಈ ಷರತ್ತನ್ನು ಮುಟ್ಟಲಿಲ್ಲ.

ಈಚೆಗೆ ಸತ್ಯಕ್ಕೆ ದೊಡ್ಡ ತೊಡಕಾಗಿರುವುದು ತಡೆಯಾಜ್ಞೆ. ಪ್ರತಿವಾದಿ ತಾನು ನಿಜವನ್ನು ರುಜುವಾತುಪಡಿಸುತ್ತೇನೆ ಎಂದಾಗ ವಿಚಾರಣೆಗೆ ಮುನ್ನ ಬಾಯಿ ಮುಚ್ಚಿಸಬಾರದೆಂದು ಇಂಗ್ಲೆಂಡಿನ ನ್ಯಾಯಾಲಯ 1891ರಲ್ಲೇ ಹೇಳಿತ್ತು. ನಮ್ಮ ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಇದೇ ಎಚ್ಚರಿಕೆ ಕೊಟ್ಟಿತು. ಹಾಗಿದ್ದೂ 2025ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ, ಎದುರು ಪಕ್ಷದ ಮಾತು ಕೇಳದೆಯೇ, ಧರ್ಮಸ್ಥಳಕ್ಕೆ ಸಂಬಂಧಿಸಿದ 8,842 ಕೊಂಡಿಗಳನ್ನು ತೆಗೆಯಲು ಆದೇಶಿಸಿತು. ರುಜುವಾತಿನ ಹೊಣೆ ಹೇಳಿದವರದು ಎಂದ ಮೇಲೆ, ರುಜುವಾತಿಗೆ ಅವಕಾಶವನ್ನೇ ಕೊಡದಿರುವುದು ಸಲ್ಲದು. 'ಕುಡ್ಲ ರ‍್ಯಾಂಪೇಜ್' ಎಂಬ ಚಾನೆಲ್ ಹೈಕೋರ್ಟಿನ ಬಾಗಿಲು ತಟ್ಟಿತು. ಆಗಸ್ಟ್ 1ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದರ ಮಟ್ಟಿಗೆ ಆ ಆದೇಶವನ್ನು ರದ್ದುಪಡಿಸಿದರು.