ಪರಂಗಿಮಲೆಯಿಂದ ತಡಿಯಂಡಮೋಳ್‌ವರೆಗೆ

ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ವಿಮಾನ ನಿಲ್ದಾಣದ ಪಕ್ಕದ ಪರಂಗಿಮಲೆಯನ್ನು ಲೋಕಲ್ ರೈಲಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಹತ್ತಿರಲಿಲ್ಲ. ಸುಮಾರು 300 ಅಡಿಯ ಗುಡ್ಡ. ಕೊಡಗಿನಲ್ಲಿ ಹುಟ್ಟಿದವನಿಗೆ ಇದೂ ಒಂದು ಬೆಟ್ಟವೇ ಎಂಬ ಜಂಬ! ಮೊನ್ನೆ ಭಾನುವಾರ ಮಗಳ ಒತ್ತಾಯಕ್ಕೆ ಮೆಟ್ಟಿಲು ಹತ್ತಿದೆ.

ಮೇಲೆ ಪೋರ್ಚುಗೀಸರ ಕಾಲದ ಚರ್ಚು. ಸಂತ ಥಾಮಸ್ ಇಲ್ಲೇ ಹುತಾತ್ಮನಾದ ಎಂಬುದು ನಂಬಿಕೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿರುವ ವಿಲಿಯಂ ಲ್ಯಾಂಬ್ಟನ್‌ನ ಪ್ರತಿಮೆ.

ಈತ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿದವನು. ಟಿಪ್ಪು ಮಡಿದ ಮೇಲೆ, ಮೈಸೂರು ಸೀಮೆಯನ್ನು ಹಾದು ಎರಡೂ ಕರಾವಳಿಗಳನ್ನು ಜೋಡಿಸುವ ಅಳತೆಯ ಯೋಜನೆಯನ್ನು ಕಂಪನಿ ಸರ್ಕಾರದ ಮುಂದಿಟ್ಟ. ಗೆದ್ದ ನೆಲ ಎಲ್ಲಿಂದೆಲ್ಲಿಗೆ ಎಂದು ಕಂಪನಿಗೂ ಗೊತ್ತಾಗಬೇಕಿತ್ತಲ್ಲ!

1802ರ ಏಪ್ರಿಲ್ 10ರಂದು ಕೆಲಸ ಶುರುವಾಯಿತು. ಈ ಬೆಟ್ಟದ ಕಡೆಯಿಂದ ಪೆರುಂಬಾಕ್ಕಂ ಗುಡ್ಡದ ಕಡೆಗೆ ಸುಮಾರು ಏಳೂವರೆ ಮೈಲಿ, 100 ಅಡಿಯ ಉಕ್ಕಿನ ಸರಪಳಿ ಹಿಡಿದು ಅಳೆದರು. ಅದೂ ಮದರಾಸಿನ ಬೇಸಿಗೆಯಲ್ಲಿ! ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದ ಬದಿಗಳನ್ನು ಲೆಕ್ಕ ಹಾಕಬಹುದು. ಹಾಗೆ ಒಂದು ಬೆಟ್ಟದಿಂದ ಇನ್ನೊಂದನ್ನು ನೋಡುತ್ತಾ ಪಶ್ಚಿಮಕ್ಕೆ ನಡೆದರು. 1806ಕ್ಕೆ ಆ ಕರಾವಳಿ ಮುಟ್ಟಿದರು. ಪರ್ಯಾಯ ದ್ವೀಪದ ಅಗಲ 360 ಮೈಲಿ ಎಂದಾಯಿತು. ಹಿಂದೆ ತಿಳಿದಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ! ಮುಂದೆ ಇದೇ ಕೆಲಸ ಉತ್ತರಕ್ಕೆ ಬೆಳೆದು, 1856ರಲ್ಲಿ ಎವರೆಸ್ಟ್ 29,002 ಅಡಿ ಎಂದು ಪ್ರಕಟವಾಯಿತು.

ಪಶ್ಚಿಮ ಕರಾವಳಿಯನ್ನು ಮುಟ್ಟಲು ಆರಿಸಿಕೊಂಡ ಎತ್ತರದ ಬೆಟ್ಟಗಳಲ್ಲಿ ನಮ್ಮ ತಡಿಯಂಡಮೋಳ್ ಕೂಡ ಒಂದು. ಚಿಕ್ಕಂದಿನಲ್ಲಿ ಅದನ್ನು ಹತ್ತಿದ್ದೇನೆ. ಬರಿಗೈಯಲ್ಲಿ ಹತ್ತುವಾಗಲೇ ಏದುಸಿರು ಬಂದಿತ್ತು. ಲ್ಯಾಂಬ್ಟನ್‌ನ ಥಿಯೋಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಅಂಥದ್ದನ್ನು ಊರೂರು ಹೊತ್ತವರು, ಜ್ವರದ ಕಾಡುಗಳಲ್ಲಿ ನಿಶಾನೆ ಹಿಡಿದು ನಿಂತವರು ಈ ನಾಡಿನ ಬಡವರೇ. ಅವರಿಗೆ ಇಲ್ಲಿ ಪ್ರತಿಮೆ ಇಲ್ಲ.

"ಅಪ್ಪಾ, ಇಲ್ಲಿಂದ ಕೊಡಗು ಕಾಣುತ್ತಾ?" ಅಂದಳು ಮಗಳು. ಕೆಳಗೆ ವಿಮಾನದ ರನ್‌ವೇ, ಅದರಾಚೆ ಬರೀ ಕಟ್ಟಡಗಳು. "ಇಲ್ಲಿಂದ ಕಾಣಲ್ಲ ಮಗಾ. ಆದರೆ ಒಂದೊಂದೇ ಬೆಟ್ಟ ಹತ್ತಿ ನೋಡುತ್ತಾ ಹೋದರೆ ಸಿಗುತ್ತೆ," ಎಂದು ಈ ಕಥೆಯನ್ನೆಲ್ಲ ಹೇಳಿದೆ.

ಚೆನ್ನೈನಲ್ಲಿರುವವರು ಒಮ್ಮೆ ಹತ್ತಿ ಬನ್ನಿ. ಬಿಸಿಲೇರುವ ಮೊದಲೇ ಹೊರಡಿ.