ಕೋಟದ ಸಮೀಕ್ಷೆ ಮತ್ತು ಮರೆಮಾಡುವ ವಿಧಾನ

ಕುಂಭಾಶಿಯಿಂದ ದಕ್ಷಿಣಕ್ಕೆ ತೆಕ್ಕಟ್ಟೆಯನ್ನು ದಾಟಿದರೆ ಕೋಟ ಗ್ರಾಮ ದೊರೆಯುವುದು. ಜಿ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಇಲ್ಲಿಯ ಬ್ರಾಹ್ಮಣ, ಬಂಟ, ಮೊಗವೀರರಲ್ಲಿ ಮಾನಸಿಕ ಅಸ್ವಾಸ್ಥ್ಯದ ಸಮೀಕ್ಷೆ ನಡೆಸಿ, 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ರೂಪಿಸಿದ ಪ್ರಶ್ನಾವಳಿಯನ್ನು ಕುರಿತ ಪ್ರಬಂಧವು 1974ರಲ್ಲಿಯೇ ಬೇರೆಯಾಗಿ ಅಚ್ಚಾಗಿತ್ತು. ಪೂರ್ವಪರೀಕ್ಷೆಯ ಅಗತ್ಯ ಇಂತಹ ಊರಿನಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಮೈಮೇಲೆ ದೈವ ಬರುವುದನ್ನು ಪರಾಮರ್ಶೆಯಿಲ್ಲದೆ ರೋಗಲಕ್ಷಣವೆಂದೆಣಿಸಿದರೆ, ಊರವರ ಬೇನೆಗೆ ಪರಿಹಾರ ಹೇಳುವ ಪಾತ್ರಿಯನ್ನೇ ರೋಗಿಗಳ ಪಟ್ಟಿಗೆ ಸೇರಿಸಬೇಕಾದೀತು!

ಪ್ರಶ್ನೆ ಎಷ್ಟು ಶುದ್ಧವಾಗಿದ್ದರೂ ಪ್ರಶ್ನಿಸುವವನ ನಿರೀಕ್ಷೆ ಉಳಿದೇ ಇರುತ್ತದೆ. ಬಂಟರದು ಅಳಿಯಸಂತಾನ, ಬ್ರಾಹ್ಮಣರದು ಮಕ್ಕಳಸಂತಾನ. ಈ ಕಟ್ಟಿಗೂ ಮನಸ್ಸಿನ ಬೇನೆಗೂ ಸಂಬಂಧವುಂಟೇ ಎಂಬುದು ಅಲ್ಲಿಯ ಜಿಜ್ಞಾಸೆಗಳಲ್ಲೊಂದು. ಅಂಗಳಕ್ಕೆ ಕಾಲಿಟ್ಟೊಡನೆ ಮನೆಯವರ ಜಾತಿ ತಿಳಿದುಬಿಡುವಲ್ಲಿ ಅದನ್ನು ಸಂದರ್ಶಕನಿಂದ ಮರೆಮಾಡುವುದೆಂತು? ಇಬ್ಬರು ಪ್ರತ್ಯೇಕವಾಗಿ ಗುರುತು ಹಾಕಿ ಹೋಲಿಸಬಹುದು. ಇಬ್ಬರದೂ ಒಂದೇ ಪೂರ್ವಗ್ರಹವಾದರೆ ಅದೂ ನೆರವಾಗದು.

ಆಸ್ಪತ್ರೆಯಲ್ಲಿ ಇದೇ ಕಪೂರರಿಗೆ ಮರೆ ದೊರೆಯಿತು. ಗಂಗಾಧರ, ಕಪೂರ್, ಕಲ್ಯಾಣಸುಂದರಂ ಇವರು 1982ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದಲ್ಲಿ ಖಿನ್ನತೆಯ ರೋಗಿಗಳ ಒಂದು ಗುಂಪಿಗೆ ನಿಜವಾದ ವಿದ್ಯುತ್ ಚಿಕಿತ್ಸೆಯೊಡನೆ ಹುಸಿಗುಳಿಗೆ, ಇನ್ನೊಂದಕ್ಕೆ ಹುಸಿ ವಿದ್ಯುತ್ ಚಿಕಿತ್ಸೆಯೊಡನೆ ಇಮಿಪ್ರಮಿನ್ ಎಂಬ ಔಷಧ. ರೋಗಿಗಾಗಲಿ ಗುಣವನ್ನು ಅಳೆಯುವವನಿಗಾಗಲಿ ಯಾವುದು ನಿಜವೆಂದು ತಿಳಿಯಬಾರದು. ‘ಡಬಲ್ ಬ್ಲೈಂಡ್’ ಎಂಬುದರ ಅರ್ಥವಿಷ್ಟೆ. ಅರಿವಳಿಕೆಯಲ್ಲಿರುವ ರೋಗಿಗೆ ವಿದ್ಯುತ್ತು ಹರಿಯಿತೋ ಇಲ್ಲವೋ ಎಂಬುದರ ಅರಿವಿರದಾದ್ದರಿಂದ ಇದು ಶಕ್ಯವಾಯಿತು.